ಕುರ್ಚಿ ಹೋದ ಮನೆಯ ಹೆಸರು

ತೀರ್ಥರಾಮರಿಗೂ ಕಂಪ್ಯೂಟರಿಗೂ ಮೊದಲಿನಿಂದಲೇ ಆಗಿಬರುವುದಿಲ್ಲ. ಸುಳ್ಯದಲ್ಲಿ ಶಾಮಿಯಾನ ಅಂಗಡಿ ಇಟ್ಟು ಅರ್ಧ ಆಯುಷ್ಯ ಕಳೆದ ಮನುಷ್ಯ. ಯಾರ ಮದುವೆಗೆ ಎಷ್ಟು ಕುರ್ಚಿ, ಯಾರ ಅಂಗಳಕ್ಕೆ ಎಷ್ಟು ಚಪ್ಪರ, ಎಲ್ಲವೂ ತಲೆಯಲ್ಲೇ ಇತ್ತು. ಈಚೆಗೆ ಆ ತಲೆ ಕೈಕೊಡತೊಡಗಿತು. ಒಂದೇ ದಿನ ಅವೇ ಕುರ್ಚಿಗಳನ್ನು ಎರಡು ಮದುವೆಗೆ ಒಪ್ಪಿಕೊಂಡು, ಎರಡೂ ಕಡೆಯಿಂದ ಚೆನ್ನಾಗಿ ಬೈಸಿಕೊಂಡ ಮೇಲೆ, ಬುಕಿಂಗನ್ನೆಲ್ಲ ಕಂಪ್ಯೂಟರಿಗೆ ಹಾಕಿಸಲು ಜಸೀನಾಳನ್ನು ಕರೆಸಿದರು.

"ನೋಡು ಮಾರಾಯ್ತಿ, ಒಂದು ವಾರ ಓಡಿಸಿ ನೋಡುದು. ಕೆಲಸಕ್ಕೆ ಅಡ್ಡ ಬಂದ್ರೆ ವಾಪಸ್ ತಕ್ಕೊಂಡು ಹೋಗುದು. ಆಮೇಲೆ ಬೇಜಾರು ಮಾಡ್ಲಿಕ್ಕಿಲ್ಲ."

ಜಸೀನಾ ಕಲ್ಲುಗುಂಡಿಯವಳು. ಮಂಗಳೂರಿನ ಕಂಪೆನಿಯೊಂದರಲ್ಲಿ ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕಿ ಹುಡುಕಿ ಸಾಕಾಗಿ, ಸುಳ್ಯದ ಬಸ್‌ಸ್ಟ್ಯಾಂಡಿನ ಹತ್ತಿರ ಕೋಣೆ ಹಿಡಿದು ಸ್ವಂತ ಸಾಫ್ಟ್‌ವೇರ್ ಕೆಲಸ ಶುರುಮಾಡಿದ್ದಳು. ತೀರ್ಥರಾಮರು ಅವಳ ಮೊದಲ ಗಿರಾಕಿ. ಇವರು ಕೈತಪ್ಪಿದರೆ ಕೋಣೆಗೆ ಬೀಗ, ಮತ್ತೆ ಅದೇ ಕಂಪೆನಿಯ ಬಾಗಿಲು. ಆ ಬಾಗಿಲು ತಟ್ಟುವುದಿಲ್ಲವೆಂದು ಹಟ ತೊಟ್ಟಿದ್ದಳು. ಒಬ್ಬಳೇ ಕೂತರೆ ತಿಂಗಳುಗಟ್ಟಲೆ ಹಿಡಿಯುವ ಕೆಲಸವಾದ್ದರಿಂದ, ಕೋಡ್ ಬರೆದುಕೊಡುವ ಎಐಯನ್ನು ಮೊದಲ ಸಲ ಜೊತೆಗೆ ಹಾಕಿಕೊಂಡಳು.

ಕೆಲಸದಲ್ಲಿ ಅದು ಗಟ್ಟಿಗ, ಎರಡು ಮಾತಿಲ್ಲ. ಮುಂಗಡ ಬೇಕೇ, ವಾಪಸ್ ಕೊಡುವ ದಿನ ಯಾವುದು, ತಡವಾದರೆ ಎಂತ ಮಾಡುವುದು ಎಂದು ಒಂದೊಂದಾಗಿ ಕೇಳಿತು. ಜಸೀನಾ ಎಲ್ಲಕ್ಕೂ ಬಿಗಿಯಾಗಿ ಉತ್ತರ ಕೊಟ್ಟಳು. ಬುಕಿಂಗ್ ಇಲ್ಲದೆ ಒಂದು ಕುರ್ಚಿಯೂ ಹೊರಗೆ ಹೋಗಬಾರದು, ಕಂಪ್ಯೂಟರ್ ಚೀಟಿ ಕೊಡದೆ ಪಿಕಪ್‌ಗೆ ಲೋಡ್ ಮಾಡಬಾರದು ಎಂದು ಬರೆದಳು. ಅದು ಹಾಗೆಯೇ ಮಾಡಿಕೊಟ್ಟಿತು.

ಎರಡು ದಿನ ಎಲ್ಲ ಸುಸೂತ್ರ. ಮೂರನೆಯ ದಿನ ಬೆಳಿಗ್ಗೆ ಜಸೀನಾ ಅಂಗಡಿಯಲ್ಲಿದ್ದಾಗಲೇ ಫೋನ್ ಬಂತು. ಸಂಪಾಜೆ ದಾರಿಯಲ್ಲಿರುವ ಅಚ್ಚುತನ ತಾಯಿ ತೀರಿಹೋಗಿದ್ದರು.

"ಉಲ್ಲಾಸ್, ನೂರು ಕುರ್ಚಿ, ಒಂದು ಟರ್ಪಾಲು. ಬೇಗ ಹೊರಡು," ಎಂದರು ತೀರ್ಥರಾಮರು.

ಪಿಕಪ್ ಓಡಿಸುವ ಉಲ್ಲಾಸ್ ಚೀಟಿಗಾಗಿ ಕಂಪ್ಯೂಟರ್ ಒತ್ತಿದ. ಬುಕಿಂಗ್ ಇಲ್ಲ, ಎಲ್ಲ ಕುರ್ಚಿ ನಾಳೆಯ ಮದುವೆಗೆ ಮೀಸಲು ಎಂದು ಕೆಂಪಕ್ಷರ ಬಂತು. ಅದರ ಕೆಳಗೆ ಮುಂಗಡ ಎಷ್ಟೆಂಬ ಪ್ರಶ್ನೆ. ಪಾಪ, ಹೇಳಿದ ಮಾತು ಮೀರದ ಉಲ್ಲಾಸ್ ಅದನ್ನು ಗಟ್ಟಿಯಾಗಿ ಓದಿದ.

ತೀರ್ಥರಾಮರ ಮುಖ ಕೆಂಪಾಯಿತು. "ಸಾವಿನ ಮನೆಯಲ್ಲಿ ಅಡ್ವಾನ್ಸ್ ಕೇಳುದಾ? ನನ್ನ ಅಂಗಡಿಯಲ್ಲಿ ಇಂಥ ಮಾತು ಇವತ್ತಿನವರೆಗೆ ಬಂದಿಲ್ಲ. ಉಲ್ಲಾಸ್, ನೀನು ಹೊರಡು. ಜಸೀನಾ, ಇದನ್ನು ತಕ್ಕೊಂಡು ಹೋಗು."

ಎಐ ಬರೆದದ್ದು ಎಂಬ ಮಾತು ಅವಳ ನಾಲಿಗೆಯ ತುದಿವರೆಗೆ ಬಂತು. ನುಂಗಿಕೊಂಡಳು. ಅವಳು ಹೇಳದ ಒಂದಕ್ಷರವನ್ನೂ ಅದು ಬರೆದಿರಲಿಲ್ಲ. ಅಪ್ಪನ ಹೆಣವನ್ನು ಪುತ್ತೂರಿನ ಆಸ್ಪತ್ರೆಯಿಂದ ತಂದ ದಿನ ನೆನಪಾಯಿತು. ಆಂಬುಲೆನ್ಸ್ ಮನೆ ಮುಟ್ಟುವಾಗ ಅಂಗಳದಲ್ಲಿ ಸಾಲಾಗಿ ಕುರ್ಚಿ ಹಾಕಿತ್ತು, ಮೇಲೆ ಟರ್ಪಾಲು ಕಟ್ಟಿತ್ತು. ಯಾರು ಕಳಿಸಿದರೆಂದು ಉಮ್ಮ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಸಾವಾದರೆ ಕುರ್ಚಿ ಬರುತ್ತದೆ, ಅಷ್ಟೆ. ಅದನ್ನು ಯಾರಿಗಾದರೂ ಹೇಳಿಕೊಡಬೇಕೆಂದೇ ಅವಳಿಗೆ ಹೊಳೆದಿರಲಿಲ್ಲ. ನಾಚಿಕೆಯಿಂದ ಅವಳ ಕಣ್ಣು ತುಂಬಿತು.

"ತಪ್ಪು ನಂದು ತೀರ್ಥಣ್ಣ. ಸಂಜೆವರೆಗೆ ಬಿಡಿ. ಸರಿ ಮಾಡದೆ ನಾನು ಇಲ್ಲಿಂದ ಏಳುದಿಲ್ಲ."

ಅವಳು ಲ್ಯಾಪ್‌ಟಾಪ್ ತೆರೆದು ಅಲ್ಲೇ ಕೂತಳು. "ನಾಳೆ ಮದುವೆಗೆ ಕುರ್ಚಿ ಕಮ್ಮಿ ಆದ್ರೆ ಎಂತ ಮಾಡುದು?"

"ಕಡಬದಲ್ಲಿ ಮಮ್ಮು ಅಂತ ಇದ್ದಾನಲ್ಲ, ಶಾಮಿಯಾನದವ. ಅವ ಕಳಿಸ್ತಾನೆ. ಅವನಿಗೆ ಕಮ್ಮಿ ಆದ್ರೆ ನಾನು. ಹಾಗೆಯೇ ನಡೆದು ಬಂದದ್ದು."

ಜಸೀನಾ ಎಐಗೆ ಹೇಳಿದಳು: ಸಾವಿನ ಮನೆ ಎಂದು ಒಂದು ಬಟನ್. ಬುಕಿಂಗ್ ಬೇಡ, ಮುಂಗಡ ಬೇಡ, ಬಿಲ್ಲು ಬೇಡ. ಒತ್ತಿದ ಕೂಡಲೇ ಚೀಟಿ ಬರಬೇಕು, ಕಮ್ಮಿಬಿದ್ದಷ್ಟು ಕುರ್ಚಿಗೆ ಮಮ್ಮುವಿನ ಮೊಬೈಲಿಗೆ ಮೆಸೇಜ್ ಹೋಗಬೇಕು. ಎಐ ಬರೆಯಿತು. ಪರೀಕ್ಷೆ ಮಾಡಿ ನೋಡಿದರೆ, ನಿಮ್ಮ ಕುರ್ಚಿ ರದ್ದಾಗಿದೆ ಎಂದು ಮದುವೆ ಮನೆಗೇ ಮೆಸೇಜ್ ಕಳಿಸಲು ಹೊರಟಿತ್ತು ಆ ಪುಣ್ಯಾತ್ಮ. ಜಸೀನಾ ತಿದ್ದಿಸಿದಳು. ಮತ್ತೆ ಪರೀಕ್ಷಿಸಿದಳು, ಮತ್ತೆ ತಿದ್ದಿಸಿದಳು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ವಾಪಸ್ ಬರುವ ದಿನ ಯಾವುದೆಂದು ಅದು ಕೇಳಿದಾಗ ತೀರ್ಥರಾಮರ ಮುಖ ನೋಡಿದಳು.

"ಅವರಿಗೆ ಆದಾಗ," ಎಂದರು ಅವರು. ಅಷ್ಟು ಹೊತ್ತಿಗೆ ಅವರೂ ಬಂದು ಅವಳ ಬೆನ್ನ ಹಿಂದೆ ನಿಂತಿದ್ದರು.

ಕೊನೆಗೆ ಇನ್ನೊಂದು ಪ್ರಶ್ನೆ ಬಂತು: ಮುಂದೆ ನೋಡಲು ಕುರ್ಚಿ ಹೋದ ಮನೆಯ ಹೆಸರನ್ನು ಉಳಿಸಿಡಲೇ?

ಜಸೀನಾ ತಿರುಗಿದಳು. "ತೀರ್ಥಣ್ಣ, ನನ್ನ ತಂದೆ ತೀರಿಕೊಂಡಾಗ ಕಲ್ಲುಗುಂಡಿಗೆ ಕುರ್ಚಿ ಕಳಿಸಿದ್ದು ನೀವಾ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಇರ್ಬಹುದು. ಮಮ್ಮುವೂ ಇರ್ಬಹುದು. ಅದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುದು?"

ಅವಳು ಮತ್ತೆ ಲ್ಯಾಪ್‌ಟಾಪಿಗೆ ಬಾಗಿದಳು. ಕುರ್ಚಿ ವಾಪಸ್ ಬಂದ ಕೂಡಲೇ ಹೆಸರು ಅಳಿಸಿಬಿಡು ಎಂದು ಬರೆದಳು. ಅಳಿಸಿದರೆ ಯಾರಿಗೆ ಕೊಟ್ಟದ್ದೆಂದು ಮತ್ತೆ ತಿಳಿಯುವುದಿಲ್ಲ, ಖಚಿತವೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದಳು.

ತೀರ್ಥರಾಮರು ಜೇಬಿನಿಂದ ಮೊಬೈಲ್ ತೆಗೆದರು.

"ಮಮ್ಮು, ಇಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ನಾಳೆ ನಿನ್ನ ಅಂಗಡಿಗೆ ಕಳಿಸ್ತೇನೆ. ನೀನೂ ಇದನ್ನು ಹಾಕಿಸು."