ಬಡಗಿ ಬಿಟ್ಟ ಕೋಪ

ಬಡಗಿಗೆ ಕೆಲಸದ ಕಡೆ ಪಟಾಕಿ ಅಂತ ಅಡ್ಡಹೆಸರು. ಮೊಳೆ ಸೊಟ್ಟಗಾದರೆ ಮೊಳೆಗೇ ಬೈಯುವ, ಅಡುಗೆಗೆ ಉಪ್ಪು ಕಮ್ಮಿಯಾದರೆ ತಟ್ಟೆ ತಳ್ಳಿ ಏಳುವ ಆಸಾಮಿ. ಮನೆಯ ಸಿಟ್ಟನ್ನೆಲ್ಲ ಅವನೊಬ್ಬನೇ ಗುತ್ತಿಗೆ ಹಿಡಿದಿದ್ದರಿಂದ ಹೆಂಡತಿ ಸಿಟ್ಟು ಮಾಡುವುದನ್ನೇ ಮರೆತಿದ್ದಳು. ಅಂಥವನು, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಚರ್ಚಿನಿಂದ ಬಂದು, ಹಣೆಯ ಬೂದಿ ಕೂಡ ಒರೆಸದೆ, ಊಟಕ್ಕೆ ಕೂತು ಹೇಳಿದ:

"ವರ್ಷಾ ವರ್ಷಾ ಸಿಗರೇಟು ಬಿಡೋದು, ಈಸ್ಟರ್ ದಿನ ಮತ್ತೆ ಹಚ್ಚೋದು, ಇದೇ ಆಯ್ತು. ಈ ತಪಸ್ಸುಕಾಲಕ್ಕೆ ಕೋಪ ಬಿಡ್ತೀನಿ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹೆಂಡತಿ ಒಳಗೊಳಗೇ ದೇವರಿಗೆ ಕೈ ಮುಗಿದಳು. ಆಶ್ಚರ್ಯವೆಂದರೆ ಅವನು ಆಡಿದಂತೆ ನಡೆದುಕೊಂಡ. ಉಪ್ಪಿಲ್ಲದ್ದನ್ನೂ ತಿಂದ, ಎದುರುಮನೆಯವನ ಸ್ಕೂಟರ್ ಬಾಗಿಲಿಗೆ ಅಡ್ಡ ನಿಂತರೆ ತಾನೇ ಪಕ್ಕಕ್ಕೆ ತಳ್ಳಿಟ್ಟ. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಗುರುಗಳು ಬೆನ್ನು ತಟ್ಟಿದರು. ಅಲ್ಲಿಂದ ಆಸಾಮಿಯ ಮುಖಕ್ಕೆ ಸಂತನ ಕಳೆ ಬಂತು.

ಅದೇ ಹೊತ್ತಿಗೆ ಒಂದು ಗುರುವಾರ ಮಗಳು ಲಾಂಡ್ರಿಯಿಂದ ಬೇಗ ಮನೆಗೆ ಬಂದಳು. ಅಲ್ಲಿ ಅವಳದು ಇಸ್ತ್ರಿ ಕೆಲಸ. ಬಟ್ಟೆ ತೂಗುಹಾಕುವ ಒಳಕೋಣೆಯ ಬಾಗಿಲು ಹಾಕಿ ಲಾಂಡ್ರಿ ಯಜಮಾನ ಅವಳ ಕೈ ಹಿಡಿದೆಳೆದಿದ್ದ. ಅವಳು ಬಿಸಿ ಇಸ್ತ್ರಿಪೆಟ್ಟಿಗೆ ಎತ್ತಿದ ಮೇಲೆಯೇ ಬಿಟ್ಟದ್ದು. ಮಣಿಕಟ್ಟಿನ ಮೇಲೆ ಅವನ ಬೆರಳಿನ ಗುರುತು ಕೆಂಪಗಿತ್ತು. ಯಜಮಾನ ಯಾರೋ ಬೀದಿಯಲ್ಲಿ ಹೋಗುವವನಲ್ಲ. ತಪಸ್ಸುಕಾಲದ ಪ್ರತಿ ಶುಕ್ರವಾರ ಅವರದೇ ಚರ್ಚಿನ ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ಮುಂದೆ ನಿಂತು ಶಿಲುಬೆ ಹೊರುವ ದೊಡ್ಡ ಮನುಷ್ಯ.

ಹೆಂಡತಿ ಗಂಡನ ಮುಖ ನೋಡಿದಳು. ಮದುವೆಯಾದ ಮೇಲೆ ಮೊದಲ ಸಲ ಅವಳಿಗೆ ಅವನ ಸಿಟ್ಟು ಬೇಕಾಗಿತ್ತು.

ಅವನು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟ. "ಇದು ನನಗೆ ಬಂದಿರೋ ಪರೀಕ್ಷೆ," ಅಂದ. "ಕ್ಷಮಿಸಿಬಿಡಮ್ಮ. ಸೋಮವಾರದಿಂದ ಏನೂ ಆಗಿಲ್ಲ ಅನ್ನೋ ಹಾಗೆ ಕೆಲಸಕ್ಕೆ ಹೋಗು."

"ನಿಮಗೆ ಬಂದಿರೋ ಪರೀಕ್ಷೆನಾ?" ಎಂದಳು ಹೆಂಡತಿ. "ಕೈ ಅವಳದು."

"ನನ್ನ ವ್ರತ ಕೆಡಿಸಬೇಡ ಕಣೇ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಉಪ್ಪಿಗೆ ಹಾರಾಡಿದವನು, ಮೊಳೆಗೆ ಹಾರಾಡಿದವನು, ಮಗಳ ವಿಷಯಕ್ಕೆ ಬಂದಾಗ ಸಂತನಾಗಿ ಕೂತಿದ್ದ. ಹಳೆಯದನ್ನು ಬಿಟ್ಟು ಹೊಸ ಮನುಷ್ಯರಾಗಿ ಅಂತ ಗುರುಗಳು ಹೇಳಿದ್ದು ಇದಕ್ಕೇನು? ಇಂಥ ಹೊಸತನಕ್ಕಿಷ್ಟು ಬೆಂಕಿ ಹಾಕ. ಮಗಳು ಒಳಗೆ ಹೋಗಿ ತುಂಬುತೋಳಿನ ಅಂಗಿ ಹಾಕಿಕೊಂಡು ಬಂದಳು.

ಮರುದಿನ ಶುಕ್ರವಾರ ಚರ್ಚಿಗೆ ಹೊರಡುವಾಗ ಹೊಸ್ತಿಲಲ್ಲಿ ನಿಲ್ಲಿಸಿ ತಾಯಿ ಕೇಳಿದಳು: "ಎಲ್ಲರ ಎದುರಿಗೆ ಕೇಳಲಾ?"

"ಕೇಳಮ್ಮ," ಅಂದಳು ಮಗಳು.

ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಚಿತ್ರಗಳು ಚರ್ಚಿನ ಗೋಡೆಯುದ್ದಕ್ಕೂ ಇವೆ. ಒಂದೊಂದರ ಮುಂದೆಯೂ ನಿಂತು ಪ್ರಾರ್ಥಿಸಿ ಮುಂದಕ್ಕೆ ಹೋಗಬೇಕು. ಯಜಮಾನನ ಹೆಗಲ ಮೇಲೆ ಆಳೆತ್ತರದ ಶಿಲುಬೆ. ಬಡಗಿಯೇ ಗಟ್ಟಿ ಮರದಲ್ಲಿ ಮಾಡಿಕೊಟ್ಟದ್ದು. ಅಳುವ ಹೆಂಗಸರನ್ನು ಯೇಸು ಮಾತಾಡಿಸುವ ಚಿತ್ರ ಬಂದಾಗ ಶಿಲುಬೆ ಹೆಂಗಸರ ಕೈಗೆ ದಾಟುವುದು ಅಲ್ಲಿನ ರೂಢಿ. ಪ್ರತಿ ವರ್ಷ ಮೊದಲು ಕೈ ಚಾಚಿ ತೆಗೆದುಕೊಳ್ಳುವವಳು ಬಡಗಿಯ ಹೆಂಡತಿ.

ಯಜಮಾನ ಶಿಲುಬೆ ಇಳಿಸಿ ಎರಡು ಕೈಯಲ್ಲಿ ಮುಂದಕ್ಕೆ ಚಾಚಿದ. ಅವಳು ಕೈ ಕಟ್ಟಿಕೊಂಡು ನಿಂತಳು.

"ಬಾಗಿಲು ಹಾಕಿ ನನ್ನ ಮಗಳ ಕೈ ಯಾಕೆ ಹಿಡಿದೆ? ಹೇಳು. ಆಮೇಲೆ ತಗೋತೀನಿ."

ಹಾಡು ಅರ್ಧಕ್ಕೇ ನಿಂತಿತು. ಗುರುಗಳು ಪುಸ್ತಕದಿಂದ ತಲೆ ಎತ್ತಿದರು. ಬಡಗಿ ಬೆಂಚಿನಿಂದ ಎದ್ದು ದಡಬಡ ಬಂದು ಹೆಂಡತಿಯ ತೋಳು ಹಿಡಿದ.

"ಸುಮ್ನಿರೇ, ತಪಸ್ಸುಕಾಲ. ನಿನಗ್ಯಾಕೆ ಇಷ್ಟು ಕೋಪ?"

"ನೀವು ಕೆಳಗಿಟ್ರಲ್ಲ, ಅದನ್ನ ನಾನು ಎತ್ತಿಕೊಂಡೆ."

ಬಡಗಿಯ ಹಿಡಿತ ಸಡಿಲವಾಯಿತು. ಯಜಮಾನ ಅತ್ತಿತ್ತ ನೋಡಿದ. ಪಾಪ ಅನಿಸಿತೋ ಏನೋ, ಮುಂದಿನ ಬೆಂಚಿನವನೊಬ್ಬ ಶಿಲುಬೆ ಇಸಿದುಕೊಳ್ಳಲು ಎದ್ದ. ಬಡಗಿ ಅವನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಕೂರಿಸಿದ. ಶಿಲುಬೆ ಮಾಡಿದವನಿಗೆ ಆ ಮರದ ತೂಕ ಗೊತ್ತಿತ್ತು.

"ಇರಲಿ, ಹಿಡ್ಕೊಂಡಿರಲಿ," ಅಂದ. "ಮೊದಲು ಉತ್ತರ ಹೇಳಲಿ."

ಯಜಮಾನನ ಕೈಯಲ್ಲಿ ಶಿಲುಬೆ ಇಂಚಿಂಚಾಗಿ ಕೆಳಕ್ಕೆ ಜಗ್ಗತೊಡಗಿತು. ಮಗಳು ಅಂಗಿಯ ತೋಳು ಮೇಲಕ್ಕೆ ಮಡಚಿ, ಬಂದು ಅಮ್ಮನ ಪಕ್ಕದಲ್ಲಿ ನಿಂತಳು.