ಅಜ್ಜಿ ಹಾಕಿದ ಗುಡ್ಡೆ

ನಮ್ಮಮ್ಮ ಸರಳಾಳಿಗೆ ನನ್ನ ಇಂಗ್ಲಿಷ್ ಸೀರಿಯಲ್ ಕಂಡರೆ ಮೈಯೆಲ್ಲ ಉರಿ. ಅದರಲ್ಲಿ ಹಿಮ ಬಿದ್ದು ದಾರಿ ಮುಚ್ಚಿದ ಬೆಟ್ಟದಲ್ಲಿ ಒಂದು ಹಾಸ್ಟೆಲ್, ಒಳಗೆ ನನ್ನ ವಯಸ್ಸಿನ ಹುಡುಗಿಯರು. ಬಿಸ್ಕತ್ತು ಮುಗಿಯಿತು, ಕಡಿದು ತಿನ್ನುತ್ತಿದ್ದ ಕುದುರೆಯೂ ಮುಗಿಯುತ್ತಾ ಬಂತು. ಈಗ ಒಬ್ಬರನ್ನೊಬ್ಬರು ನೋಡುವ ರೀತಿಯೇ ಸರಿಯಿಲ್ಲ.

"ಪಿಯುಸಿ ಓದೋ ಹುಡ್ಗಿ ನೋಡೋದಾ ಇದು? ಥೂ, ಏನ್ ಸುಖ ಕಣೇ ಶಿಲ್ಪ ಇದ್ರಲ್ಲಿ?" ಎಂದಳು ಅಮ್ಮ.

ಏನೆಂದು ಹೇಳಲಿ? ಅಲ್ಲಿ ಸರಿಯಾಗಿ ಕೂತ್ಕೋ, ಮೆಲ್ಲಗೆ ನಗು ಅನ್ನುವವರಿಲ್ಲ. ಹುಡುಗಿಯರು ತಲೆ ಬಾಚುವುದಿಲ್ಲ, ಬಾಯಿಗೆ ಬಂದಂತೆ ಬೈಯುತ್ತಾರೆ, ಹಸಿವಾದರೆ ಹಸಿವು ಅನ್ನುತ್ತಾರೆ. ನೋಡುತ್ತಿದ್ದರೆ ನನಗೆ ಭಯವೂ ಆಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು.

ಅಜ್ಜಿ ದೊಡ್ಡಮುನಿಯಮ್ಮ ಮಾತ್ರ ಲ್ಯಾಪ್‌ಟಾಪ್ ಮುಂದೆ ನನ್ನ ಜೊತೆಗೇ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಇಂಗ್ಲಿಷ್ ಬಾರದು, ನಾನು ಹೇಳಬೇಕು. ಕುದುರೆ ಮಾಂಸಕ್ಕಾಗಿ ಹುಡುಗಿಯರು ಜುಟ್ಟು ಹಿಡಿದು ಹೊಡೆದಾಡಿದಾಗ ಅವಳಿಗೆ ರೇಗಿತು.

"ಗುಡ್ಡೆ ಆಕಕ್ಕೆ ಬರಲ್ವಾ ಈ ಮುಂಡೇವಕ್ಕೆ? ಸಮಸಮ ಆಕಿದ್ರೆ ಯಾಕ್ ಇಂಗೆ ಕಿತ್ತಾಡ್ತಿದ್ವು?"

ನಮ್ಮೂರು ಅಬ್ಬಿಗೆರೆಯ ಹೊಲಗಳೆಲ್ಲ ಬಾಡಿಗೆ ಮನೆಗಳಾದರೂ ಗುಡ್ಡೆ ಬಾಡು ಹೋಗಿಲ್ಲ. ಯುಗಾದಿಯ ಮರುದಿನ, ಹೊಸತೊಡಕಿಗೆ, ಅಕ್ಕಪಕ್ಕದವರು ಸೇರಿ ಮರಿ ಕಡಿಸಿ ಮನೆಗೊಂದು ಸಮನಾದ ಮಾಂಸದ ಗುಡ್ಡೆ ಹಾಕಿಕೊಳ್ಳುತ್ತಾರೆ. ಆ ನ್ಯಾಯವೆಲ್ಲ ನಮ್ಮ ಹೊಸ್ತಿಲಾಚೆ ಚಪ್ಪಲಿ ಕಾಯುತ್ತದೆ. ಒಳಗೆ ಗಂಡಸರು ಮೊದಲು ಕೂತು ಲಿವರ್, ನಲ್ಲಿಮೂಳೆ ಎಲ್ಲ ಮುಗಿಸಿ ಎದ್ದ ಮೇಲೆ ಹೆಂಗಸರಿಗೆ ಸಾರು. ನಾನು ಪ್ರತಿವರ್ಷ ಜಗಳವಾಡಿ ಸೋಲುತ್ತಿದ್ದೆ. ಈ ಸಲ ಲಿವರ್ ತಿನ್ನದೆ ಬಿಡುವುದಿಲ್ಲ ಎಂದು ಹಟ ತೊಟ್ಟೆ.

ಹೊಸತೊಡಕಿನ ಮಧ್ಯಾಹ್ನ ಅಪ್ಪ ವೆಂಕಟೇಶಪ್ಪನೂ ಚಿಕ್ಕಪ್ಪ ಮುನಿರತ್ನನೂ ಊಟಕ್ಕೆ ಕೂತರು. ನಾನೂ ಅಪ್ಪನ ಪಕ್ಕ ತಟ್ಟೆ ಇಟ್ಟುಕೊಂಡು ಕೂತೆ.

"ಏಳಮ್ಮ, ಗಂಡಸ್ರು ಉಣ್ಲಿ," ಎಂದ ಅಪ್ಪ.

"ಎಲ್ಲಾ ಆ ಹಾಳ್ ಸೀರಿಯಲ್ ಕಲಿಸಿದ್ದು," ಎಂದು ಅಮ್ಮ ನನ್ನ ತೋಳು ಹಿಡಿದು ಎಳೆದಳು. ನಾನು ಏಳಲಿಲ್ಲ. ಅಳು ಬರುವಷ್ಟು ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಅಜ್ಜಿ ಬಾಡಿನ ಪಾತ್ರೆಯನ್ನೇ ತನ್ನ ಮುಂದೆ ಎಳೆದುಕೊಂಡಳು. ಮನೆಯವರೆಲ್ಲರ ತಟ್ಟೆಗಳನ್ನು ಸಾಲಾಗಿಟ್ಟು ಗುಡ್ಡೆ ಹಾಕತೊಡಗಿದಳು. ಪ್ರತಿ ಗುಡ್ಡೆಯ ಮೇಲೂ ಒಂದು ಚೂರು ಲಿವರ್.

"ಏನವ್ವಾ, ನಂಗೆ ಇಷ್ಟೇನಾ?" ಅಪ್ಪನ ಮುಖ ಸಪ್ಪಗಾಯಿತು.

"ಅಷ್ಟೇ ಕಣ್ಲಾ. ಸುಮ್ಕೆ ತಿನ್ನು. ಅಸ್ಕೊಂಡ ಉಡ್ಗೀರು ಏನ್ ಮಾಡ್ತಾರೆ ಅಂತ ನಾನು ನೋಡಿವ್ನಿ."

ಅಪ್ಪ ಮುದ್ದೆ ಮುರಿದ. ನಾನು ಗೆದ್ದ ಖುಷಿಯಲ್ಲಿ ಲಿವರ್ ಬಾಯಿಗೆ ಹಾಕಿಕೊಂಡೆ. ಅಜ್ಜಿಯೂ ತನ್ನ ಚೂರನ್ನು ಬಾಯಿಗಿಟ್ಟು, ಬಹಳ ಹೊತ್ತು ಅಗಿಯುತ್ತಲೇ ಇದ್ದಳು.

"ಯಾಕಜ್ಜಿ, ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ ಕಣವ್ವಾ. ಮದ್ವೆ ಆಗಿ ಬಂದಾಗಿಂದ ನಾನೇ ಬೇಯ್ಸಿವ್ನಿ. ರುಚಿ ಇಂಗಿರ್ತದೆ ಅಂತ ಗೊತ್ತಿರ್ಲಿಲ್ಲ."

ಅಮ್ಮ ಸೌಟು ಕೆಳಗಿಟ್ಟು ಅಜ್ಜಿಯ ಪಕ್ಕ ಕೂತು, ಬಿಸಿ ಆರುವ ಮುಂಚೆ ತನ್ನ ತಟ್ಟೆ ಎಳೆದುಕೊಂಡಳು.

"ಶಿಲ್ಪ, ಆ ಸೀರಿಯಲ್‌ನಲ್ಲಿ ಕುದುರೆ ಆದ್ಮೇಲೆ ಯಾರನ್ನ ತಿಂತಾರೆ?" ಎಂದು ಕೇಳಿದಳು, ಅಪ್ಪನನ್ನೇ ನೋಡುತ್ತಾ.