ಕಾಶವ್ವನ ಹುಣಸೆಬೀಜದ ಎಣಿಕೆ

ಖಾನಾಪುರದ ಸಿದ್ದಕ್ಕನಿಗೆ ಒಂದು ಸಾಲು ಮರೆತುಹೋಗಿತ್ತು.

ಮೂರು ಸಾಲಿನ ಪದ ಅದು. ಎರಡು ಸಾಲು ನೆನಪಿದ್ದವು. ಹಿಟ್ಟು ನಾದುವಾಗ, ನೀರು ಸೇದುವಾಗ ತಾವಾಗಿಯೇ ಬಾಯಿಗೆ ಬರುತ್ತಿದ್ದವು:

ಹೊಳಿದಂಡಿ ಮ್ಯಾಲ ನಿಂತ ಕರದೇನ ಹೆಸರ್ಹಿಡಿದು
ಹೊಳಿ ದಾಟಿ ಹೋತ ನನ ಕೂಗ, ತಂಗೆವ್ವ

ಅಲ್ಲಿಗೆ ನಿಂತುಬಿಡುತ್ತಿತ್ತು. ಮುಂದಿನದು ಬರುತ್ತಿರಲಿಲ್ಲ. ಸಿದ್ದಕ್ಕನ ಕೈಯೂ ಹಿಟ್ಟಿನ ಮೇಲೆ ಹಾಗೆಯೇ ನಿಲ್ಲುತ್ತಿತ್ತು.

ಪದ ಕಟ್ಟಿದವಳು ಆಕೆಯ ಅಕ್ಕ ಕಾಶವ್ವ. ಸಿದ್ದಕ್ಕ ಮದುವೆಯಾಗಿ ಮಲಪ್ರಭೆಯ ಆಚೆ ದಂಡೆಗೆ ಹೋದ ದಿನ ಕಟ್ಟಿದ್ದು. ಕಾಶವ್ವನಿಗೆ ಓದು ಬರಹ ಇರಲಿಲ್ಲ. ಬೀಸುತ್ತ, ಕುಟ್ಟುತ್ತ ನೂರೆಂಟು ಪದ ಕಟ್ಟಿದ್ದಳು. ಎಲ್ಲವೂ ನಾಲಿಗೆಯ ಮೇಲೇ ಇದ್ದವು. ಪ್ರತಿ ಸೋಮವಾರ ಸಂಜೆ ಮೈ ತೊಳೆದು, ವಿಭೂತಿ ಧರಿಸಿ, ದೇವರ ಜಗಲಿಯ ಮುಂದೆ ಕುಳಿತು ಅಷ್ಟನ್ನೂ ಹಾಡುತ್ತಿದ್ದಳು. ಬದಿಗೆ, ಒಳಗೆ ಎಡಕ್ಕೊಂದು ಬಲಕ್ಕೊಂದು ಮನೆ ಇದ್ದ ಒಂದು ಹಿತ್ತಾಳೆ ಡಬ್ಬಿ. ಅದರಲ್ಲಿ ನೂರೆಂಟು ಹುಣಸೆಬೀಜ. ಒಂದು ಪದ ಮುಗಿದರೆ ಒಂದು ಬೀಜ ಎಡದ ಮನೆಯಿಂದ ಬಲದ ಮನೆಗೆ ಹೋಗುತ್ತಿತ್ತು.

"ಎಲ್ಲಾ ಬಾಯಾಗ ಅದಾವಲ್ಲ ಅಕ್ಕ, ಬೀಜ ಯಾಕ ಬೇಕ?" ಎಂದು ಸಿದ್ದಕ್ಕ ಒಮ್ಮೆ ಕೇಳಿದ್ದಳು.

"ಮರತ ಮನಸಿನ್ನ 'ನೀ ಮರತಿಯೇನ' ಅಂತ ಕೇಳಿದ್ರ ಏನಂತೈತಿ? ಇಲ್ಲ ಅಂತೈತಿ. ಅದಕ್ಕ ಎಣಿಕಿ ಹೊರಗ ಇರಬೇಕವ್ವ" ಎಂದಿದ್ದಳು ಕಾಶವ್ವ.

ಹೋದ ಮಾಘದಲ್ಲಿ ಕಾಶವ್ವ ಲಿಂಗೈಕ್ಯಳಾದಳು. ಅಂದು ಸೋಮವಾರ. ಹಾಡು ನಡುವೆಯೇ ನಿಂತಿತ್ತು. ಬಲದ ಮನೆಯಲ್ಲಿ ಅರವತ್ತೊಂದು ಬೀಜ, ಎಡದಲ್ಲಿ ನಲವತ್ತೇಳು. ಸಿದ್ದಕ್ಕ ಹಾಗೆಯೇ ಮುಚ್ಚಳ ಹಾಕಿ ಡಬ್ಬಿಯನ್ನು ತನ್ನ ಮನೆಯ ಜಗಲಿಗೆ ತಂದಿಟ್ಟಳು. ಜಗಲಿ ಒರೆಸುವಾಗಲೂ ಅಲುಗಾಡದಂತೆ, ತುಂಬಿದ ಬಟ್ಟಲು ಎತ್ತಿದಂತೆ ಎತ್ತಿಡುತ್ತಿದ್ದಳು. ಒಮ್ಮೆಯೂ ತೆರೆದಿರಲಿಲ್ಲ.

ಪದಗಳೆಲ್ಲ ಈಗ ಒಂದೇ ಕಡೆ ಇದ್ದವು. ಸಿದ್ದಕ್ಕನ ಮಗಳು ಅಕ್ಕವ್ವ ಬೆಳಗಿನ ರೈಲು ಹಿಡಿದು ಬೆಳಗಾವಿಗೆ ಹೋಗಿ, ಖಾಸಬಾಗದಲ್ಲಿ ಕಲ್ಲಯ್ಯನವರ ಅಂಗಡಿಯ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ, ನೇಕಾರ ಸಂಘದ ನೋಟೀಸು ಟೈಪು ಮಾಡುತ್ತಿದ್ದಳು. ರವಿವಾರ ದೊಡ್ಡವ್ವ ಕಾಶವ್ವ ಹೇಳಿದ್ದನ್ನು ಹಾಳೆಯಲ್ಲಿ ಬರೆದುಕೊಂಡು, ಮರುದಿನ ಅದನ್ನು ಕಂಪ್ಯೂಟರಿಗೆ ಹಾಕಿ, ಬರಹ ಕಾಯ್ದಿಡುವ ಒಂದು ತೆಳುವಾದ ಫ್ಲಾಪಿ ತಟ್ಟೆಯಲ್ಲಿ ಇಡುತ್ತಿದ್ದಳು. ಹೀಗೆ ಎರಡು ವರ್ಷದಲ್ಲಿ ನೂರೆಂಟೂ ಸೇರಿದ್ದವು. "ಎಲ್ಲಾ ಕೂಡಿ ಓದಿ ನೋಡೂಣು, ಆಮ್ಯಾಲ ಛಾಪಿಸೂಣು" ಎಂದಿದ್ದ ಕಾಶವ್ವ ಆ ದಿನಕ್ಕೆ ಉಳಿಯಲಿಲ್ಲ. ಬರೆದುಕೊಂಡ ಹಾಳೆಗಳು ಈ ಮಳೆಗಾಲ ಸೂರು ಸೋರಿ ಮುದ್ದೆಯಾಗಿದ್ದವು.

ಅದು 1989ರ ಡಿಸೆಂಬರ್. ಕಾಶವ್ವನ ವರ್ಷದ ಪೂಜೆ ಹತ್ತಿರ ಬರುತ್ತಿತ್ತು. ಸಿದ್ದಕ್ಕ ಮಗಳಿಗೆ ಹೇಳಿದಳು: "ಆ ಪದದ ಕಡೀ ಸಾಲ ನೋಡಿ ಬರಕೊಂಡ ಬಾರವ್ವ. ವರ್ಷದ ದಿನ ಅಕ್ಕನ ಮುಂದ ನಾ ಅದನ್ನ ಪೂರಾ ಹಾಡಬೇಕ."

ಮರುದಿನ ಅಕ್ಕವ್ವ ಫ್ಲಾಪಿ ಹಾಕಿದಳು. ಕನ್ನಡ ಬರೆಯುವ ಪ್ರೋಗ್ರಾಮು ತೆರೆಯಲು ಎಂದಿಗಿಂತ ಹೊತ್ತು ಹಿಡಿಯಿತು. ಎರಡು ಪದ ಕಾಣಿಸಿದವು. ಅಷ್ಟಕ್ಕೇ ಪರದೆ ಕಲ್ಲಿನಂತೆ ನಿಂತಿತು. ಮತ್ತೆ ಚಾಲೂ ಮಾಡಿದರೆ, ಫ್ಲಾಪಿ ಓದಲಾಗುತ್ತಿಲ್ಲ ಎಂದಿತು.

"ಧೂಳಬೇ, ಧೂಳ" ಎಂದರು ಕಲ್ಲಯ್ಯ. ಧೋತರದ ಚುಂಗಿನಿಂದ ಪರದೆ ಒರೆಸಿದರು. "ಇಲ್ಲಾಂದ್ರ ಕರೆಂಟ. ಈ ಓಣ್ಯಾಗ ಮಗ್ಗ ಚಾಲೂ ಆದ್ರ ಸಾಕ, ನಮ್ಮ ಮಷೀನಿಗೆ ಉಸರ ಹತ್ತತೈತಿ."

ಅದೇ ಹೊತ್ತಿಗೆ ಶಾಹಜಾನಬಿ ಒಂದು ಅರ್ಜಿ ಟೈಪು ಮಾಡಿಸಲು ಬಂದಳು. ಬಾಜು ಓಣಿಯ ಹುಡುಗಿ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅಕ್ಕವ್ವನ ಮುಖ ನೋಡಿ ಏನಾಯಿತೆಂದು ಕೇಳಿದಳು. ಎಲ್ಲ ತಿಳಿದ ಮೇಲೆ ಕಲ್ಲಯ್ಯನವರ ಕಡೆ ತಿರುಗಿದಳು.

"ಅಯ್ಯಾರ, ಹೊರಗಿನ ಫ್ಲಾಪಿ ಯಾವುದಾರ ಹಾಕಿದ್ರೇನ?"

"ಛೇ ಛೇ! ನಾ ಯಾಕ ಹಾಕ್ಲಿ?"

ಅಕ್ಕವ್ವ ಮೇಲಿನ ತೊಲೆ ನೋಡುತ್ತ, "ಕಾರ ಓಡಸೂ ಆಟ..." ಎಂದಳು.

"ಅದಾ? ಅದು ಹೊರಗಿಂದ ಹೆಂಗಾತ? ನಮ್ಮ ಷಡ್ಡಕ ಪುಣೆಯಿಂದ ತಂದ ಕೊಟ್ಟಾನ. ಮನೀ ಮಂದೀದು."

ಶಾಹಜಾನಬಿ ನಕ್ಕಳು. "ಷಡ್ಡಕರು ಮನೀ ಮಂದಿ ಖರೆ. ಅವರ ಫ್ಲಾಪಿ ಎಷ್ಟ ಮನಿ ತಿರಗಿ ಬಂದೈತೋ ಯಾರಿಗೆ ಗೊತ್ತ? ಇದಕ್ಕ ವೈರಸ್ ಅಂತಾರ್ರಿ."

"ಬಾಯಾರ, ನೀವೂ ಭಾರೀ ಹೇಳತೀರಿ! ಕಬ್ಬಿಣದ ಪೆಟಗೀಗೆ ಜಡ್ಡ ಬರತಾವೇನ? ನಾಳೆ ಇದಕ್ಕ ಕಷಾಯ ಕುಡಸಂತೀರಿ."

"ಜಡ್ಡ ಅಲ್ರಿ. ಯಾರೋ ಕೆಟ್ಟ ಬುದ್ಧಿಯವರು ಬರದ ಸಣ್ಣ ಪ್ರೋಗ್ರಾಮ್. ಇನ್ನೊಂದು ಪ್ರೋಗ್ರಾಮಿಗೆ ಬಾಲದಂಗ ಅಂಟಿಕೊಂಡ ಬರತೈತಿ. ನೀವು ಆಟ ಚಾಲೂ ಮಾಡಿದ್ರ ಅದೂ ಚಾಲೂ ಆಗತೈತಿ, ಬಾಜೂದಕ್ಕೂ ಅಂಟತೈತಿ. ಒಂದಿನ ನೀವು ಬರದಿಟ್ಟದ್ದನ್ನೆಲ್ಲಾ ಕೆಡಸತೈತಿ."

"ಕಣ್ಣಿಗೆ ಕಾಣಲಾರದ್ದು ಐತಿ ಅಂತ ಹೆಂಗ ಅನ್ನೂದು?"

"ಅದು ಕಾಣೂದಿಲ್ಲ. ಅದು ಮಾಡಿದ ಬದಲಾವಣಿ ಕಾಣತೈತಿ." ಶಾಹಜಾನಬಿ ಕುರ್ಚಿ ಎಳೆದುಕೊಂಡಳು. "ನೋಡ್ರಿ, ಅಕ್ಕವ್ವ ಬರದ ಪದಾ ದಿನಾ ಬೆಳೀಬೇಕ, ಅದು ಸರಿ. ಆದ್ರ ಬರಿಯೂ ಪ್ರೋಗ್ರಾಮು ಒಂದ ಅಕ್ಷರಾನೂ ಬೆಳೀಬಾರದು. ಮೊದಲನೇ ದಿನ ಎಷ್ಟಿತ್ತೋ ಇವತ್ತೂ ಅಷ್ಟ ಇರಬೇಕ. ಬೆಳದೈತಿ ಅಂದ್ರ ಯಾರೋ ಒಳಗ ಬಂದ ಕುಂತಾರ ಅಂತ ತಿಳೀರಿ. ಈಗ ಹೇಳ್ರಿ, ಮೊದಲನೇ ದಿನ ಎಷ್ಟಿತ್ತ?"

"ಮಷೀನ ಬಂದ ದಿನಾ ಪೂಜಾ ಮಾಡಿ ಪೇಡೆ ಹಂಚೀವಿ. ಅದರ ಅಳತಿ ಯಾರ ಬರದಿಡತಾರ?" ಎಂದರು ಕಲ್ಲಯ್ಯ.

ಅಕ್ಕವ್ವನಿಗೆ ಮಾತ್ರ ಒಂದು ಮಾತು ನೆನಪಾಗಿತ್ತು. ಪದ ಬರೆಯಲು ಶುರು ಮಾಡಿದ ಮೊದಲ ವಾರವೇ ದೊಡ್ಡವ್ವ ಕೇಳಿದ್ದಳು: "ನಿನ್ನ ಪೆಟಗಿ ಮರತ್ರ ನಿನಗ ಹೆಂಗ ಗೊತ್ತಾಗತೈತಿ? ಅದರಾಗ ಏನೇನ ಐತಿ, ಎಷ್ಟೆಷ್ಟ ಐತಿ, ಎಲ್ಲಾ ಒಂದ ಚೀಟ್ಯಾಗ ಬರಕೊಂಡ ಬಾ." ಮುದುಕಿಯ ಸಮಾಧಾನಕ್ಕೆಂದು ಅಕ್ಕವ್ವ ಪ್ರತಿ ಪ್ರೋಗ್ರಾಮಿನ ಹೆಸರು, ಅಳತೆ, ತಾರೀಖು ಬರೆದು ಕೊಟ್ಟಿದ್ದಳು. ದೊಡ್ಡವ್ವ ಅದನ್ನು ಮಡಚಿ, ಹಿತ್ತಾಳೆ ಡಬ್ಬಿಯ ತಳದಲ್ಲಿ, ಬೀಜಗಳ ಕೆಳಗೆ ಇಟ್ಟಿದ್ದಳು.

ಅಕ್ಕವ್ವ ಇದನ್ನು ಹೇಳುತ್ತಲೇ, "ಆ ಚೀಟಿ ತಗೊಂಡ ಬಾ" ಎಂದಳು ಶಾಹಜಾನಬಿ. "ಅಲ್ಲೀತನಕ ಮಷೀನ ಬಂದ್ ಇರಲಿ. ಪದದ ಫ್ಲಾಪಿ ಹೊರಗ ತಗೀರಿ. ಚಾಲೂ ಮಾಡಿದಷ್ಟೂ ಅದು ಹಾಳ ಮಾಡತೈತಿ."

ಸಂಜೆ ಖಾನಾಪುರದಲ್ಲಿ ಅಕ್ಕವ್ವ ಎಲ್ಲ ಹೇಳಿದಳು. ಸಿದ್ದಕ್ಕ ಜಗಲಿಯ ಕಡೆ ನೋಡಿದಳು.

"ಅಕ್ಕ ಅರವತ್ತೊಂದಕ್ಕ ನಿಂತಾಳವ್ವ. ಬೀಜ ಒಂದರಾಗೊಂದ ಕಲತವಂದ್ರ ಆಕಿ ನಿಂತ ಜಾಗಾನೂ ಹೋತಲ್ಲ."

"ಯವ್ವಾ, ತೆಗೀಲಿಲ್ಲಂದ್ರ ಪದಾನೂ ಹೋಗತಾವ."

ಸಿದ್ದಕ್ಕ ಜಗಲಿಯ ಮುಂದೆ ಕುಳಿತಳು. ದೀಪ ಹಚ್ಚಿ, ಬತ್ತಿ ಸರಿಮಾಡಿದಳು. ಕೊನೆಗೆ, "ತೆಗೀಯೂದಾದ್ರ ಆಕಿ ಪದ ಇದ್ದಲ್ಲೇ ತೆಗೀತೀನಿ. ನಾಳೆ ನಾನೂ ಬರತೀನಿ" ಎಂದಳು.

ಬೆಳಗಿನ ರೈಲಿನಲ್ಲಿ ಸಿದ್ದಕ್ಕ ಡಬ್ಬಿಯನ್ನು ಎರಡೂ ಅಂಗೈ ಮೇಲೆ ಸಮವಾಗಿ ಹಿಡಿದು ಕುಳಿತಳು. ದೇಸೂರಿನಲ್ಲಿ ಗಾಡಿ ಜಗ್ಗಿದಾಗ ಎದೆಗೆ ಒತ್ತಿಕೊಂಡಳು. ಎದುರಿಗೆ ಕುಳಿತವಳು "ತುಪ್ಪ ಏನ್ರಿ?" ಎಂದು ಕೇಳಿದಳು. "ಅಲ್ರಿ, ನಮ್ಮಕ್ಕ" ಎಂದಳು ಸಿದ್ದಕ್ಕ. ಆ ಹೆಂಗಸು ತನ್ನ ಗಂಟು ಸರಿಸಿ ಡಬ್ಬಿಗೆ ಜಾಗ ಮಾಡಿಕೊಟ್ಟಳು.

"ಬರ್ರಿ ಸಿದ್ದಕ್ಕ, ಕುಂದರ್ರಿ" ಎಂದು ಕಲ್ಲಯ್ಯ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

"ಶರಣ್ರಿ ಅಯ್ಯಾರ." ಸಿದ್ದಕ್ಕ ಮುಚ್ಚಳ ತೆಗೆದಳು. ಬಲದ ಮನೆಯ ಬೀಜಗಳನ್ನು ಒಂದೊಂದಾಗಿ ಎಣಿಸಿ ಸೆರಗಿಗೆ ಹಾಕಿ ಗಂಟು ಕಟ್ಟಿದಳು. ಅರವತ್ತೊಂದು. ಎಡದವನ್ನು ಮಗಳ ಸೆರಗಿಗೆ ಹಾಕಿದಳು. ನಲವತ್ತೇಳು. ತಳದಲ್ಲಿ ಚೀಟಿ ಇತ್ತು.

ಶಾಹಜಾನಬಿ ಮೊದಲು ಅಂಗಡಿಯವರು ದಿನವೂ ಬಳಸುವ ಫ್ಲಾಪಿಯಿಂದಲೇ ಕಂಪ್ಯೂಟರ್ ಚಾಲೂ ಮಾಡಿಸಿದಳು. "ಬರಿಯೂ ಪ್ರೋಗ್ರಾಮು. ಚೀಟ್ಯಾಗ ಎಷ್ಟೈತಿ?"

"41,320."

ಪರದೆಯ ಮೇಲೂ 41,320 ಎಂದೇ ಇತ್ತು.

ಕಲ್ಲಯ್ಯ ತೊಡೆ ತಟ್ಟಿದರು. "ನೋಡ್ರಿ ಬಾಯಾರ! ಸುಳ್ಳ ಸುಳ್ಳ ನಮ್ಮ ಷಡ್ಡಕನ ಮ್ಯಾಲ ತಪ್ಪ ಹೊರಿಸೀರಿ!"

ಅಕ್ಕವ್ವನ ಮುಖ ಬಾಡಿತು. ಸಿದ್ದಕ್ಕ ಶಾಹಜಾನಬಿಯನ್ನು ಮೆಲ್ಲಗೆ ಕೇಳಿದಳು: "ಯವ್ವಾ, ಸರಿ ಐತಿ ಅಂತ ಈಗ ಯಾರ ಹೇಳಿದ್ರ? ಆ ಪೆಟಗೀನ ಹೇಳಿತೇನ?"

"ಹೌದ ಮಾವಶಿ."

"ಮತ್ತ ಮರತ ಮನಸಿನ್ನೇ ಕೇಳಿದಂಗ ಆತಲ್ಲ."

ಶಾಹಜಾನಬಿ ಪೂರಾ ಆಕೆಯ ಕಡೆ ತಿರುಗಿದಳು. "ಖರೇ ಮಾತ ಹೇಳಿದ್ರಿ ಮಾವಶಿ. ಕೆಲವು ವೈರಸ್ ಹಂಗ ಅದಾವ. ಅವು ಒಳಗ ಎಚ್ಚರ ಇದ್ದಾಗ ಹಳೇ ಅಳತೀನ ತೋರಸತಾವ." ಚೀಲದಿಂದ ತನ್ನದೊಂದು ಫ್ಲಾಪಿ ತೆಗೆದಳು. ಅದರ ಅಂಚಿನ ಕಚ್ಚಿಗೆ ಪಟ್ಟಿ ಅಂಟಿಸಿತ್ತು. "ಈ ಪಟ್ಟಿ ಇದ್ರ ಇದರ ಮ್ಯಾಲ ಯಾರಿಗೂ ಏನೂ ಬರಿಯಾಕ ಆಗೂದಿಲ್ಲ. ಇದು ಚೊಕ್ಕ ಐತಿ. ಮಷೀನ ಪೂರಾ ಬಂದ್ ಮಾಡಿ, ಇದರಿಂದ ಚಾಲೂ ಮಾಡೂಣು. ಆಗ ಅದಕ್ಕ ಎಚ್ಚರ ಆಗಾಕ ದಾರೀನ ಇರೂದಿಲ್ಲ."

ಹಾಗೆಯೇ ಮಾಡಿದರು. ಎಲ್ಲರೂ ಪರದೆಗೆ ಬಾಗಿದರು.

43,120.

"ಇನ್ನೊಂದು ನೋಡ" ಎಂದಳು ಶಾಹಜಾನಬಿ. ಚೀಟಿಯಲ್ಲಿ 25,300. ಪರದೆಯಲ್ಲಿ 27,100.

"ಎರಡಕ್ಕೂ ಹದಿನೆಂಟನೂರ ಹೆಚ್ಚ. ಒಂದೇ ಅಳತೀ ಬಾಲ. ಕಂಡ್ತೇನ್ರಿ ಅಯ್ಯಾರ?"

ಕಲ್ಲಯ್ಯ ಖಾನೆ ಎಳೆದು ಆಟದ ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟರು. "ದಿನಾ ಮಧ್ಯಾಹ್ನ ಒಂದ ತಾಸ ಆಡತಿದ್ನಿ" ಎಂದರು. ಬಳಿಕ ಸಿದ್ದಕ್ಕನ ಕಡೆ ನೋಡಿ, "ತಪ್ಪ ಆತವ್ವ" ಎಂದರು.

"ಇದನ್ನ ಮತ್ತ ಯಾರಿಗೂ ಕೊಡಬ್ಯಾಡ್ರಿ. ಷಡ್ಡಕರಿಗೂ ಒಂದ ಕಾಗದ ಬರೀರಿ, ಅವರ ಮಷೀನೂ ನೋಡಿಕೊಳ್ಳಲಿ" ಎಂದಳು ಶಾಹಜಾನಬಿ.

ವೈರಸ್ಸಿಗೆ ಎಚ್ಚರ ಇಲ್ಲದ್ದರಿಂದ, ನಿನ್ನೆ ಓದಲಾಗದಿದ್ದ ಪದದ ಫ್ಲಾಪಿ ಈಗ ತೆರೆಯಿತು. ಚೊಕ್ಕ ಫ್ಲಾಪಿಯಿಂದ ಚಾಲೂ ಆದ ಕಂಪ್ಯೂಟರಿನಲ್ಲಿಯೇ ಪದಗಳನ್ನು ಎರಡು ಹೊಸ ಫ್ಲಾಪಿಗೆ ಇಳಿಸಿದರು. ಬಾಲ ಬೆಳೆದ ಪ್ರೋಗ್ರಾಮುಗಳನ್ನು ಅಳಿಸಿ, ಕಂಪನಿಯಿಂದ ಬಂದಿದ್ದ ಮೂಲ ಫ್ಲಾಪಿಯಿಂದ ಮತ್ತೆ ಹಾಕಿದರು. ಈ ಸಲ ಅಳತೆ ಚೀಟಿಗೆ ಸರಿಹೊಂದಿತು.

"ಪದಾ ನೂರೆಂಟೂ ಉಳದಾವೇನ?" ಎಂದು ಸಿದ್ದಕ್ಕ ಕೇಳಿದಳು.

ಅದಕ್ಕೆ ಚೀಟಿಯಲ್ಲಿ ಉತ್ತರ ಇರಲಿಲ್ಲ. ಚೀಟಿ ಬರೆದಾಗ ಪದಗಳಿನ್ನೂ ಒಂದೆರಡೇ ಇದ್ದವು. ಸಿದ್ದಕ್ಕ ಸೆರಗಿನ ಗಂಟು ಬಿಚ್ಚಿ ಅರವತ್ತೊಂದು ಬೀಜ ಬಲದ ಮನೆಗೆ ಹಾಕಿದಳು. ನಲವತ್ತೇಳು ಎಡದ ಮನೆಗೆ. ಕಾಶವ್ವ ನಿಂತಲ್ಲಿಗೇ ಎಣಿಕೆ ಮತ್ತೆ ಬಂದು ನಿಂತಿತು.

ಅಕ್ಕವ್ವ ಮೊದಲಿನ ಅರವತ್ತೊಂದು ಪದಗಳನ್ನು ಕಣ್ಣಲ್ಲೇ ಓದಿ ಎಣಿಸಿದಳು. ಎಲ್ಲ ಸರಿಯಿದ್ದವು. ಅರವತ್ತೆರಡನೆಯದನ್ನು ದನಿ ತೆಗೆದು ಓದಿದಳು:

ಹೊಳಿದಂಡಿ ಮ್ಯಾಲ ನಿಂತ ಕರದೇನ ಹೆಸರ್ಹಿಡಿದು
ಹೊಳಿ ದಾಟಿ ಹೋತ ನನ ಕೂಗ, ತಂಗೆವ್ವ
ಹೊಳ್ಳಿ ನೋಡಿದ್ಯೇನ ಒಮ್ಮ್ಯಾರ

"ನೋಡಿದ್ನಿ ಅಕ್ಕ" ಎಂದಳು ಸಿದ್ದಕ್ಕ, ಪರದೆಗೆ. "ಹೊಳ್ಳಿ ಹೊಳ್ಳಿ ನೋಡಿದ್ನಿ. ಗಾಡೀ ತಟ್ಟಿ ಅಡ್ಡ ಇತ್ತ. ನಿನಗ ಕಾಣಲಿಲ್ಲ."

ಒಂದು ಬೀಜ ಎತ್ತಿ ಬಲದ ಮನೆಗೆ ಹಾಕಿದಳು. "ಮುಂದ ಓದವ್ವ."

ಅಕ್ಕವ್ವ ಓದುತ್ತ ಹೋದಳು. ಕಲ್ಲಯ್ಯ ಬಾಗಿಲಲ್ಲಿ ನಿಂತು, ಬಂದ ಗಿರಾಕಿಗಳಿಗೆ ಕೈಸನ್ನೆ ಮಾಡಿ ಕಾಯಿಸಿದರು. ಕೊನೆಯ ಪದಕ್ಕೆ ಕೊನೆಯ ಬೀಜ ಹೋಯಿತು. ಎಡದ ಮನೆ ಬರಿದಾಯಿತು.

ಈಗ ಅಂಗಡಿಯ ಗೋಡೆಯ ಮೇಲೆ ಚೀಟಿಯ ಒಂದು ನಕಲು ಇದೆ. ಪ್ರತಿ ಸೋಮವಾರ ಕಲ್ಲಯ್ಯನವರೇ ಪಟ್ಟಿ ಅಂಟಿಸಿದ ಫ್ಲಾಪಿಯಿಂದ ಕಂಪ್ಯೂಟರ್ ಚಾಲೂ ಮಾಡಿ, ಕನ್ನಡಕ ಏರಿಸಿ, ಒಂದೊಂದೇ ಅಳತೆ ತಾಳೆ ನೋಡುತ್ತಾರೆ. ಆಟದ ಫ್ಲಾಪಿ ತಂದವರಿಗೆ, "ಮನೀ ಮಂದೀದಾದ್ರೂ ಹೊರಗ ಇಡ್ರಿ" ಎನ್ನುತ್ತಾರೆ.

ಓದುವ, ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಸಾಲೆಗೆ, ಸಂಘಕ್ಕೆ, ಅಂಗಡಿಗೆ ಕಂಪ್ಯೂಟರ್ ಬಂದಿರಬಹುದು, ಬರಲೂಬಹುದು. ಬಂದ ದಿನ ಪೂಜೆ ಮಾಡಿರಿ, ಪೇಡೆಯನ್ನೂ ಹಂಚಿರಿ. ಆದರೆ ಅದೇ ದಿನ ಒಂದು ಹಾಳೆಯ ಮೇಲೆ ಪ್ರತಿ ಪ್ರೋಗ್ರಾಮಿನ ಹೆಸರು, ಅಳತೆ, ತಾರೀಖು ಬರೆದು ಕಂಪ್ಯೂಟರಿನ ಹೊರಗೆ ಇಡಿರಿ. ಚೊಕ್ಕ ಫ್ಲಾಪಿಯೊಂದಕ್ಕೆ ಪಟ್ಟಿ ಅಂಟಿಸಿ ಕಾಯ್ದಿಡಿರಿ. ವಾರಕ್ಕೊಮ್ಮೆ ಅದರಿಂದಲೇ ಚಾಲೂ ಮಾಡಿ ಹಾಳೆಯೊಡನೆ ಹೋಲಿಸಿರಿ. ಬೆಳೆಯಬಾರದ್ದು ಬೆಳೆದಿದ್ದರೆ ಅಲ್ಲಿಗೇ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ. ಮುಖ್ಯವಾದ ಬರಹದ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಎಲ್ಲಿಂದಲೋ ಬಂದ ಫ್ಲಾಪಿಯನ್ನು ಪ್ರೀತಿಯವರು ಕೊಟ್ಟರೆಂದು ಒಳಗೆ ಹಾಕಬೇಡಿರಿ.

ನಿಮ್ಮ ಮನೆಯಲ್ಲೂ ಯಾರದೋ ಒಂದು ಸಾಲು ಅದರೊಳಗೆ ಇರಬಹುದು. ಅದನ್ನು ಕೇಳಲು ಯಾರೋ ವರ್ಷದಿಂದ ಕಾಯುತ್ತಿರಬಹುದು. ಅವರಿಗಾಗಿ ಎಣಿಕೆಯನ್ನು ಹೊರಗಿಡಿರಿ.